ಮನೆ ಮಾರಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದೀರಾ? ಕರಾರಿಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಮಕ್ಕಳಿಗೆ ಓದು ಬರಹ ಕಲಿಸಿದವಳು ನಾನು. ನಾಲ್ಕು ಹಾಳೆಯ ಕರಾರನ್ನು ಸರಿಯಾಗಿ ಓದದೆ ಸಹಿ ಹಾಕಿದೆ. ಅದರಿಂದ ಸುಮಾರು ಒಂದು ವರ್ಷ ನಮ್ಮ ಮನೆ ನಮ್ಮ ಕೈಯಲ್ಲಿರಲಿಲ್ಲ. ವಾಸ ನಮ್ಮದೇ, ತೆರಿಗೆ ಕಟ್ಟುವವರು ನಾವೇ, ಆದರೆ ಬೇರೆಯವರಿಗೆ ಮಾರುವ ಹಾಗೂ ಇಲ್ಲ, ಬೇಡ ನಮಗೇ ಇರಲಿ ಎನ್ನುವ ಹಾಗೂ ಇಲ್ಲ.

ಕುಮಟಾ ಪೇಟೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ನಮ್ಮ ಮನೆ. ಪಂಚಾಯತ್ ಹದ್ದಿನಲ್ಲಿದೆ. ಆರು ಗುಂಟೆ ಜಾಗ. 1998ರಲ್ಲಿ ಸಾಲ ಮಾಡಿ ಕಟ್ಟಿಸಿದ್ದು, ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಬಾವಿ, ಒಂಬತ್ತು ತೆಂಗಿನ ಮರ. ಸಾಲ ಯಾವಾಗಲೋ ತೀರಿತ್ತು. ಮಗಳು ಹುಬ್ಬಳ್ಳಿಯಲ್ಲಿ, ಮಗ ಬೆಂಗಳೂರಿನಲ್ಲಿ. ನನಗೆ 2025ರ ಮೇ ತಿಂಗಳಿಗೆ ಅರವತ್ತು ತುಂಬಿ ನಿವೃತ್ತಿ. ಆಮೇಲೆ ಇಲ್ಲೇ ಇರುವುದೋ, ಮಗಳ ಹತ್ತಿರ ಹುಬ್ಬಳ್ಳಿಯಲ್ಲಿ ಚಿಕ್ಕದೊಂದು ಮನೆ ತೆಗೆದುಕೊಳ್ಳುವುದೋ ಎಂದು ಎರಡು ವರ್ಷದಿಂದ ಮನೆಯಲ್ಲಿ ಇದೇ ಮಾತು.

ಆಸೆಗೆ ಬಿದ್ದು ಮಾರಲು ಹೊರಟವರಲ್ಲ ನಾವು. ನಮ್ಮನೆಯವರಿಗೆ ಹೃದಯದ ತೊಂದರೆ ಇದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತಲ್ಲ, ಆ ದಿನಗಳಲ್ಲಿ ಇವರಿಗೆ ರಾತ್ರಿ ಎದೆ ಹಿಡಿದುಕೊಂಡಿತು. ಅಂಕೋಲಾ ಕಡೆ ದಾರಿ ಇಲ್ಲ, ಘಾಟಿಯ ಮೇಲೆ ಸುರಿಯುವ ಮಳೆ. ಕೊನೆಗೆ ಅದು ಬರೀ ಗ್ಯಾಸ್ಟ್ರಿಕ್ ಎಂದಾಯಿತು. ಆದರೆ ಆ ರಾತ್ರಿ ನಾನು ಕೂತಲ್ಲೇ ನಿರ್ಧಾರ ಮಾಡಿಬಿಟ್ಟೆ. ಮಾರಿ ಹೋಗುವುದೇ ಸರಿ ಎಂದು. ಹೆದರಿಕೆಯಲ್ಲಿ ಮಾಡಿದ ನಿರ್ಧಾರ ಅದು, ಈಗ ಗೊತ್ತಾಗುತ್ತಿದೆ.

ಅದಾಗಿ ಹದಿನೈದು ದಿನಕ್ಕೆ ಆ ಮನುಷ್ಯ ಬಂದ. ಪರಿಚಯದವರೊಬ್ಬರು ಕಳಿಸಿದ್ದು. ಬ್ರೋಕರ್ ಅಂತ ಹೇಳಿಕೊಂಡು ಬರಲಿಲ್ಲ. ಅಲ್ಲೇ ನಾನು ಸೋತಿದ್ದು. "ಅಕ್ಕೋರೇ, ನಮ್ಮ ಅಮ್ಮನಿಗೆ ಒಂದು ಮನೆ ಬೇಕಾಗಿತ್ತು. ಬಾವಿ ಇರೋ ಮನೆ ಬೇಕು ಅಂತ ಅವಳ ಹಟ" ಅಂದ. ಚಹಾ ಕೊಟ್ಟೆ. ಬಾವಿಗೆ ಇಣುಕಿ ನೋಡಿ "ಏಪ್ರಿಲ್‌ನಲ್ಲೂ ನೀರು ಇರ್ತದಾ?" ಎಂದು ಕೇಳಿದ. ಮರಗಳನ್ನು ಒಂದೊಂದಾಗಿ ಎಣಿಸಿದ. ಅದನ್ನೆಲ್ಲ ನೋಡಿ, ಇವನು ಮನೆ ಬಲ್ಲವನು, ಇವನ ಕೈಗೆ ಹೋದರೆ ಮನೆ ಮನೆಯಾಗಿಯೇ ಇರುತ್ತದೆ ಅನ್ನಿಸಿತು ನನಗೆ. ಆ ಒಂದು ಮಾತಿಗಾಗಿ ಐವತ್ತರ ಆಸುಪಾಸು ಹೇಳುತ್ತಿದ್ದವಳು ನಲವತ್ತೆರಡು ಲಕ್ಷಕ್ಕೆ ಒಪ್ಪಿದೆ. ಅವನ ಅಮ್ಮನಿಗಾಗಿ ಬಿಟ್ಟುಕೊಟ್ಟ ಹಣ ಅದು. ಆ ಅಮ್ಮನ ಮುಖ ಇವತ್ತಿನವರೆಗೆ ನಾವು ನೋಡಿಲ್ಲ.

ಬಂದಾಗಲೆಲ್ಲ ಒಂದು ಹೆದರಿಕೆ ಬಿಟ್ಟು ಹೋಗುತ್ತಿದ್ದ. ರಸ್ತೆ ಅಗಲ ಮಾಡಿದರೆ ಜಾಗ ಹೋಗ್ತದೆ ಅಕ್ಕೋರೇ. ನಿವೃತ್ತಿ ಆದಮೇಲೆ ಓಡಾಡೋರು ಯಾರು ಅಕ್ಕೋರೇ. ಮಕ್ಕಳಿಗೆ ಊರು ಬೇಕಾಗಿಲ್ಲ, ನಾಳೆ ಬೀಗ ಹಾಕಿದ ಮನೆಗೆ ಗಿರಾಕಿ ಬರೋದಿಲ್ಲ ಅಕ್ಕೋರೇ. ಒಂದನ್ನಾದರೂ ನಾನು ಹೋಗಿ ವಿಚಾರಿಸಲಿಲ್ಲ. ನಮ್ಮ ಜಾಗ ಹೆದ್ದಾರಿಯಿಂದ ಎಷ್ಟು ಒಳಗಿದೆ ಎಂದು ನನಗೇ ಗೊತ್ತಿತ್ತು, ಆದರೂ ಹೆದರಿದೆ.

ಕರಾರು ತಂದಿದ್ದು 2024ರ ಚೌತಿಯ ಹಿಂದಿನ ದಿನ. ಬೇರೆ ದಿನ ಸಿಗಲಿಲ್ಲವೇ ಎಂದು ಈಗ ಕೇಳಿಕೊಳ್ಳುತ್ತೇನೆ. ಮನೆ ತುಂಬ ಜನ, ಚಕ್ಕುಲಿ ಸುತ್ತುವ ಗಡಿಬಿಡಿ, ನನ್ನ ಕೈಯೆಲ್ಲ ಹಿಟ್ಟು. "ಒಳ್ಳೆ ದಿನ, ಇವತ್ತೇ ಸಹಿ ಆಗಿಬಿಡಲಿ, ಗಣಪತಿ ಬರೋ ಹೊತ್ತಿಗೆ ಮನಸ್ಸು ಹಗುರ ಆಗ್ತದೆ" ಅಂದ. ಎರಡು ಲಕ್ಷ ಮುಂಗಡ. ಒಂದು ಲಕ್ಷ ಚೆಕ್, ಒಂದು ಲಕ್ಷ ನಗದು. ಕೈ ತೊಳೆದು ಬಂದು, ಕನ್ನಡಕ ಹಾಕಿಕೊಂಡು, ಬೆಲೆ ಎಲ್ಲಿದೆ, ಜಾಗದ ಚೆಕ್‌ಬಂದಿ ಸರಿ ಇದೆಯಾ, ಹೆಸರು ಸರಿ ಇದೆಯಾ ನೋಡಿದೆ. ಉಳಿದದ್ದರ ಮೇಲೆ ಕಣ್ಣಾಡಿಸಿದೆ, ಅಷ್ಟೇ. ಸಹಿ ಹಾಕಿದೆ. ನಮ್ಮನೆಯವರೂ ಹಾಕಿದರು.

ಅವನು ಇನ್ನೊಂದು ಕಾಗದವನ್ನೂ ತಂದಿದ್ದ, ನಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ. ಪಂಚಾಯತಿಯಿಂದ ಆಸ್ತಿಯ ದಾಖಲೆ, ಇ-ಸ್ವತ್ತಿನ ನಮೂನೆ 9, 11 ತೆಗೆಸಲು ನೀವು ಓಡಾಡುವುದು ಬೇಡ, ನಾನೇ ಮಾಡಿಸ್ತೇನೆ ಅಂದ. ಹಬ್ಬಕ್ಕೆ ಬಂದಿದ್ದ ಮಗಳು ಅಡುಗೆಮನೆಯಿಂದ ಎದ್ದು ಬಂದು "ಅದೊಂದು ಬೇಡ ಅಮ್ಮ" ಅಂದಳು. ಅದೊಂದು ಉಳಿಯಿತು. ಪವರ್ ಕಾಗದದ ಮೇಲೆ ಮಾಡುವ ಮಾರಾಟ ಮಾರಾಟವೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಆದರೂ ಆ ಕಾಗದ ಹಿಡಿದುಕೊಂಡು ಎಷ್ಟು ಜನರಿಗೆ ಮನೆ ತೋರಿಸಿ ಎಷ್ಟು ಮುಂಗಡ ಎತ್ತುತ್ತಿದ್ದನೋ.

ಆಮೇಲೆ ನಾಲ್ಕು ತಿಂಗಳು ಮನುಷ್ಯನ ಪತ್ತೆಯಿಲ್ಲ. ಫೋನ್ ಮಾಡಿದರೆ "ಲೋನ್ ಪಾಸ್ ಆಗ್ತಾ ಇದೆ ಅಕ್ಕೋರೇ." ಇನ್ನೊಮ್ಮೆ ಮಾಡಿದರೆ "ಅಮ್ಮನಿಗೆ ಹುಷಾರಿಲ್ಲ ಅಕ್ಕೋರೇ." ಅದಕ್ಕೂ ನಾನು ಪಾಪ ಅಂದುಕೊಂಡೆ.

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಕಾರು ಬಂದು ನಿಂತಿತು. ಮೂರು ಜನ ಇಳಿದರು. ಟೇಪು ಹಿಡಿದು ಬೇಲಿಯ ಮೂಲೆಯಿಂದ ಅಳೆಯಲು ಶುರು ಮಾಡಿದರು. ನನ್ನನ್ನು ಕೇಳಲಿಲ್ಲ, ಮಾತಾಡಿಸಲಿಲ್ಲ. ಯಾರು ನೀವು ಅಂದರೆ "ಪಾರ್ಟಿ ಕಡೆಯವರು" ಎಂದರು. ಹೋಂ ಸ್ಟೇ ಕಟ್ಟುವವರಂತೆ. ಅವರಲ್ಲೊಬ್ಬ ಬಾವಿಯ ಕಟ್ಟೆ ಮೇಲೆ ಕಾಲಿಟ್ಟು "ಇದನ್ನ ಮುಚ್ಚಿದ್ರೆ ನಾಲ್ಕು ಗಾಡಿ ನಿಲ್ತವೆ" ಎಂದ. ನಾನು ಗುಡಿಸುವ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಎಷ್ಟಕ್ಕೆ ಮಾತಾಗಿದೆ ಎಂದು ಕೇಳಿದೆ. ಅವರು ನನ್ನನ್ನು ಮನೆಗೆಲಸದವಳು ಅಂದುಕೊಂಡರೋ ಏನೋ, ಮುಚ್ಚುಮರೆ ಇಲ್ಲದೆ ಹೇಳಿದರು. ಅರವತ್ತೊಂದು ಲಕ್ಷ.

ಅರವತ್ತೊಂದು. ನನಗೆ ನಲವತ್ತೆರಡು.

ಹತ್ತೊಂಬತ್ತು ಲಕ್ಷಕ್ಕಿಂತ ಜಾಸ್ತಿ ನನ್ನನ್ನು ಸುಟ್ಟಿದ್ದು ಆ ಕಟ್ಟೆ ಮೇಲಿನ ಕಾಲು. ಆ ಬಾವಿಯನ್ನು ತೋಡುವಾಗ ನಾನು ಬಸುರಿ. ಕೆಲಸದವರಿಗೆ ಗಂಜಿ ಬೇಯಿಸಿ ಹಾಕಿದ್ದೇನೆ. ಅಮ್ಮನಿಗೆ ಬಾವಿ ಬೇಕು ಎಂದು ಹೇಳಿದ್ದನಲ್ಲ, ಆ ಮಾತು ಕಿವಿಯಲ್ಲಿ ತಿರುಗುತ್ತಲೇ ಇತ್ತು.

ಕೂಡಲೇ ಫೋನ್ ಮಾಡಿದೆ. ಎತ್ತಿದ. ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಇಲ್ಲ, ತಣ್ಣಗೆ ಹೇಳಿದ. "ನಿಮ್ಮ ರೇಟು ನಿಮಗೆ ಸಿಗ್ತದಲ್ಲ ಅಕ್ಕೋರೇ. ಮುಂದೆ ನಾನು ಎಷ್ಟಕ್ಕೆ ಕೊಟ್ರೆ ನಿಮಗೆಂತ?" ಅಮ್ಮನಿಗೆ ಮನೆ ಅಂದಿದ್ದಿರಲ್ಲ ಎಂದು ಕೇಳಿದೆ. "ಅಮ್ಮನಿಗೆ ಬೇರೆ ನೋಡ್ತೇನೆ ಬಿಡಿ." ಹಾಗಾದರೆ ನಮಗೆ ಈ ವ್ಯವಹಾರ ಬೇಡ, ನಿಮ್ಮ ಎರಡು ಲಕ್ಷ ವಾಪಸ್ ತಗೊಳ್ಳಿ ಅಂದೆ. ಆಗ ಅಂದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ. "ಕರಾರು ಓದಿ ಸಹಿ ಮಾಡಿದ್ದೀರಿ. ಟೀಚರು ನೀವು. ನಿಮಗೆ ನಾನು ಓದಿ ಹೇಳ್ಬೇಕಾ?"

ಆ ರಾತ್ರಿ ಕರಾರು ತೆಗೆದು ಓದಿದೆ. ಒಂದೊಂದೇ ಸಾಲು. ಕ್ರಯಪತ್ರವನ್ನು ಖರೀದಿದಾರರ ಹೆಸರಿಗೆ "ಅಥವಾ ಅವರು ಸೂಚಿಸಿದವರ ಹೆಸರಿಗೆ" ಮಾಡಿಕೊಡಬೇಕು. ಅವಧಿ ಹನ್ನೊಂದು ತಿಂಗಳು, ಆದರೆ ಸಹಿ ಹಾಕಿದ ದಿನದಿಂದಲ್ಲ, "ಸಮಸ್ತ ದಾಖಲೆಗಳನ್ನು ಖರೀದಿದಾರರಿಗೆ ಸಮಾಧಾನವಾಗುವಂತೆ ಒದಗಿಸಿದ ದಿನದಿಂದ". ಅವರಿಗೆ ಸಮಾಧಾನ ಆಗದಿದ್ದರೆ ಹನ್ನೊಂದು ತಿಂಗಳು ಶುರುವೇ ಆಗುವುದಿಲ್ಲ. ನಾವು ತಪ್ಪಿದರೆ ಮುಂಗಡದ ಎರಡು ಪಟ್ಟು ಕೊಡಬೇಕು. ಅವರು ತಪ್ಪಿದರೆ? ಅದರ ಬಗ್ಗೆ ಒಂದಕ್ಷರ ಇಲ್ಲ. ಎಲ್ಲ ಶುದ್ಧ ಕನ್ನಡದಲ್ಲೇ ಇತ್ತು. ನನಗೆ ಅರ್ಥವಾಗದ ಶಬ್ದ ಒಂದೂ ಇರಲಿಲ್ಲ. ಅದೇ ದೊಡ್ಡ ನೋವು.

ಮರುದಿನ ವಕೀಲರ ಹತ್ತಿರ ಹೋದೆವು. ಇದು ರಿಜಿಸ್ಟರ್ ಆಗಿಲ್ಲ, ಬರೀ ನೋಟರಿ ಕಾಗದ, ಹರಿದು ಬಿಸಾಡಿದರಾಯಿತಲ್ಲ ಅಂದರು ನಮ್ಮನೆಯವರು. ಹಾಗಲ್ಲ ಎಂದರು ವಕೀಲರು. ರಿಜಿಸ್ಟರ್ ಆಗದ ಕರಾರು ಹಿಡಿದುಕೊಂಡೂ ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹಾಕಬಹುದಂತೆ. 2018ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಇಂಥ ದಾವೆಗಳಲ್ಲಿ ಖರೀದಿದಾರನ ಕೈ ಮೊದಲಿಗಿಂತ ಗಟ್ಟಿಯಾಗಿದೆಯಂತೆ. ಅದಕ್ಕೆ ಮೂರು ವರ್ಷದ ಗಡುವು ಬೇರೆ ಇದೆ. ಕೋರ್ಟಿಗೆ ಹೋದರೆ ನಾವು ಗೆಲ್ಲಲೂಬಹುದು, ಆದರೆ ತೀರ್ಪು ಬರುವವರೆಗೆ ಆ ಮನೆಯನ್ನು ಬೇರೆ ಯಾರು ಕೊಳ್ಳುತ್ತಾರೆ? ಇವರ ಎದೆ ಅಷ್ಟು ವರ್ಷ ಕಾಯುತ್ತದಾ?

ಇನ್ನೂ ಒಂದು ವಿಷಯ ವಕೀಲರೇ ಹೇಳಿದ್ದು, ಇದು ನಿಮಗೂ ಗೊತ್ತಿರಲಿಕ್ಕಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವನಿಗಲ್ಲ, ತೆಗೆದುಕೊಂಡವರಿಗೆ. ಅಂದರೆ ನಮಗೆ. ಆ ಒಂದು ಲಕ್ಷ ನಗದನ್ನು ಕರಾರಿನಲ್ಲಿ ಬರೆಸಿದ್ದೂ ಅವನೇ. ಆಮೇಲೆ ಜಗಳದಲ್ಲಿ ಅದನ್ನೇ ಎತ್ತಿ ಹೇಳಿದ. "ಇನ್‌ಕಮ್ ಟ್ಯಾಕ್ಸ್‌ನೋರಿಗೆ ಒಂದು ಅರ್ಜಿ ಹಾಕ್ಲಾ ಅಕ್ಕೋರೇ?" ಅಕ್ಕೋರೇ ಎನ್ನುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ನನ್ನ ಹತ್ತಿರ ಕಲಿತ ಮಕ್ಕಳು ಕರೆಯುವ ಹೆಸರು ಅದು.

ಮುಂದಿನ ಏಳು ತಿಂಗಳನ್ನು ಬರೆಯುವ ಶಕ್ತಿ ನನಗಿಲ್ಲ. ನೋಟಿಸು, ಉತ್ತರ, ಮಧ್ಯಸ್ಥಿಕೆಗೆ ಊರಿನ ಹಿರಿಯರು, ಫೋನು. ನನ್ನ ಬೀಳ್ಕೊಡುಗೆಯ ದಿನ ಶಾಲೆಯಲ್ಲಿ ಮಕ್ಕಳು ಹಾಡು ಹೇಳುತ್ತಿದ್ದಾಗಲೂ ಅವನ ಫೋನು ಬಂದಿತ್ತು. ಕೊನೆಗೆ 2025ರ ಚೌತಿಗೆ ವಾರ ಇರುವಾಗ ಮುಗಿಯಿತು. ಎರಡು ಲಕ್ಷ ಮುಂಗಡಕ್ಕೆ ನಾವು ವಾಪಸ್ ಕೊಟ್ಟಿದ್ದು ಮೂರು ಲಕ್ಷದ ಇಪ್ಪತ್ತೈದು ಸಾವಿರ. ವಕೀಲರ ಫೀಸು ಬೇರೆ. ನಿವೃತ್ತಿಗೆ ಬಂದ ಹಣದಲ್ಲಿ ಮೊದಲ ಖರ್ಚು ಇದು. ಕರಾರು ರದ್ದಾಯಿತು ಎಂದು ಬರೆಸಿ ಸಹಿ ಮಾಡಿಸಿಕೊಂಡೆವು, ಮೂಲ ಕರಾರನ್ನೂ ವಾಪಸ್ ಪಡೆದೆವು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿದೆ, ನಮ್ಮ ಹೆಸರು ಬಿಟ್ಟು ಬೇರೆ ಏನೂ ಇಲ್ಲ. ಆದರೂ ತಿಂಗಳಿಗೊಮ್ಮೆ ತೆಗೆಸುತ್ತೇನೆ.

ಮನೆ ಮಾರುವವರಿಗೆ ನಾನು ಬೇಡ ಅನ್ನುವುದಿಲ್ಲ. ನಾವೇ ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಮಾರುವುದೋ ಬಿಡುವುದೋ ಎಂದು ನಿಮ್ಮ ಮನಸ್ಸಿಗೇ ಗೊತ್ತಾಗದೆ ಒಂದು ರೂಪಾಯಿ ಮುಂಗಡವನ್ನೂ ಮುಟ್ಟಬೇಡಿ. ಹೋಗಬೇಕೆಂದಿರುವ ಊರಿನಲ್ಲಿ ಮೊದಲು ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ. ನಾವು ಅಕ್ಟೋಬರ್‌ನಿಂದ ಅದನ್ನೇ ಮಾಡುತ್ತಿದ್ದೇವೆ, ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಇದನ್ನು ಮೊದಲೇ ಮಾಡಿದ್ದರೆ ಮೂರು ಕಾಸು ಹೋಗುತ್ತಿರಲಿಲ್ಲ. ಕರಾರಿನಲ್ಲಿ ತಾರೀಖು ಬರೆಸಿ, ಇಂಥ ದಿನದೊಳಗೆ ಎಂದು. "ಅವರು ಸೂಚಿಸಿದವರಿಗೆ" ಎಂಬ ಮಾತಿದ್ದರೆ ಹೊಡೆದು ಹಾಕಿಸಿ. ಹಣ ಬ್ಯಾಂಕಿನ ಮೂಲಕವೇ ಬರಲಿ.

ತೆರಿಗೆಯದ್ದು ಹುಬ್ಬಳ್ಳಿಯ ಆಡಿಟರ್ ಹತ್ತಿರ ಕೇಳಿದ್ದು. ನಮ್ಮ ಹಾಗೆ 2024ರ ಜುಲೈ 23ಕ್ಕಿಂತ ಮೊದಲು ಮಾಡಿದ ಮನೆಯಾದರೆ, ಲಾಭದ ಮೇಲೆ ಸೂಚ್ಯಂಕ (ಬೆಲೆಯೇರಿಕೆಗೆ ತಕ್ಕಂತೆ ಹಳೆಯ ಖರ್ಚನ್ನು ಹೆಚ್ಚಿಸಿ ಲೆಕ್ಕ ಹಿಡಿಯುವುದು) ಇಲ್ಲದೆ ಶೇ. 12.5 ಅಥವಾ ಸೂಚ್ಯಂಕ ಸೇರಿಸಿ ಶೇ. 20, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. 2001ಕ್ಕಿಂತ ಹಳೆಯದಾದರೆ ಆಗಿನ ಖರ್ಚಿನ ಬದಲು 2001ರ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ, ಆ ಮನೆಗೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ ಇದೆ. ಕರಾರು ತಂದ ಆ ಮನುಷ್ಯ ನಮಗೆ ಹೇಳಿದ್ದು ಬೇರೆಯೇ. ಕಾಗದದಲ್ಲಿ ಇಪ್ಪತ್ನಾಲ್ಕು ತೋರಿಸೋಣ, ಉಳಿದ ಹದಿನೆಂಟು ಕೈಗೆ ಕೊಡ್ತೇನೆ, ಟ್ಯಾಕ್ಸ್ ಉಳೀತದೆ ಎಂದು. ಆ ಹದಿನೆಂಟು ಲಕ್ಷ ನಗದು ಹಿಡಿದುಕೊಂಡು ಹುಬ್ಬಳ್ಳಿಯಲ್ಲಿ ಯಾವ ಮನೆ ಕೊಳ್ಳುತ್ತಿದ್ದೆ ನಾನು?

ಇದನ್ನೆಲ್ಲ ಬರೆಯುವುದು ಬೇಡ, ಊರಲ್ಲಿ ನಗುತ್ತಾರೆ ಅಂದಿದ್ದರು ನಮ್ಮನೆಯವರು. ನಾನೂ ಸುಮ್ಮನಿದ್ದೆ. ಆದರೆ ಮೊನ್ನೆ ಪಕ್ಕದ ಕೇರಿಯಲ್ಲಿ ಅವನ ಗಾಡಿ ನಿಂತಿತ್ತು. ಗಂಡ ತೀರಿಹೋಗಿ ಒಬ್ಬರೇ ಇರುವ ಅಜ್ಜಿಯ ಮನೆ ಅದು. ಅವರ ಅಂಗಳದಲ್ಲೂ ಬಾವಿ ಇದೆ. ಸಂಜೆ ಹೋಗಿ ನಮ್ಮ ಕರಾರಿನ ನಕಲನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹುಡುಕಿ ತಂದುಕೊಂಡರು. ಇಬ್ಬರೂ ಚಾವಡಿಯಲ್ಲಿ ಕೂತು ಒಂದೊಂದೇ ಸಾಲು ಓದಿದೆವು.