ಭಾವನವರ ಎರಡು ವಿಮೆಗಳು: ಅಂಚೆಯದು ಮತ್ತು ಬ್ಯಾಂಕಿನದು

ತಿಪಟೂರು ತಾಲ್ಲೂಕಿನ ನೊಣವಿನಕೆರೆ ಹೋಬಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದ ನಮ್ಮ ಭಾವನವರು 48ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಅವರ ಎರಡು ವಿಮೆಗಳ ಹಣಕ್ಕಾಗಿ ಅಕ್ಕನ ಜೊತೆ ಓಡಾಡಿದವನು ನಾನು. ಒಂದು ಗ್ರಾಮೀಣ ಅಂಚೆ ಜೀವ ವಿಮೆ, ಇನ್ನೊಂದು ಬ್ಯಾಂಕ್ ಖಾತೆಯಿಂದಲೇ ಕಂತು ಕಡಿತವಾಗುವ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ. ಆ ಓಡಾಟದ ನಂತರ ನಾನು ನೆಚ್ಚುವುದು ಅಂಚೆಯದನ್ನೇ.

ಅಂಚೆಯ ಕೆಲಸ ಸಲೀಸಾಗಿ ಮುಗಿಯಿತು. ಪಾಲಿಸಿ ಬಾಂಡಿನಲ್ಲಿಯೇ ಅಕ್ಕನ ಹೆಸರು ನಾಮಿನಿಯೆಂದು ಅಚ್ಚಾಗಿತ್ತು; ಕಂತಿನ ಪುಸ್ತಕ, ಮರಣ ಪ್ರಮಾಣಪತ್ರ, ಆಧಾರ್ ಸೇರಿಸಿ ಅರ್ಜಿ ಕೊಟ್ಟೆವು, ಬೋನಸ್ ಸಹಿತ ಹಣ ಅವಳ ಖಾತೆಗೆ ಜಮೆಯಾಯಿತು.

ಬ್ಯಾಂಕಿನಲ್ಲಿ ತೊಡಕಾದದ್ದು ಒಂದೇ ಒಂದು ಹೆಸರು. ಭಾವನವರು ಮದುವೆಗೆ ಮೊದಲು ಖಾತೆ ತೆರೆದಾಗ ಬರೆಸಿದ್ದ ತಾಯಿಯ ಹೆಸರೇ ಯೋಜನೆಯ ದಾಖಲೆಯಲ್ಲಿಯೂ ನಾಮಿನಿಯಾಗಿ ಉಳಿದಿತ್ತು, ಆ ತಾಯಿ ತೀರಿಕೊಂಡು ಆರು ವರ್ಷಗಳಾಗಿದ್ದವು. ಸೇರ್ಪಡೆಯ ಅರ್ಜಿಯ ಪ್ರತಿ ಶಾಖೆಯಲ್ಲಿ ಸಿಗಲಿಲ್ಲ, ನಮ್ಮ ಮನೆಯಲ್ಲಂತೂ ಇರಲೇ ಇಲ್ಲ. ಹೀಗಾಗಿ ವಾರಸುದಾರರು ಯಾರೆಂದು ರುಜುವಾತುಪಡಿಸುವ ಹೊಣೆ, ಇನ್ನೂ ಸೂತಕದ ದುಃಖ ಆರದ ಅಕ್ಕನ ಮೇಲೆ ಬಿತ್ತು.

ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದೆವು, ಅತ್ತೆಯವರ ಮರಣ ಪ್ರಮಾಣಪತ್ರ ಹುಡುಕಿದೆವು, ತುಮಕೂರಿನಲ್ಲಿ ಓದುತ್ತಿದ್ದ ಮಗನನ್ನು ಕರೆಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದೆವು. ಅಷ್ಟಾದ ಮೇಲೆ, ಪಾಸ್‌ಬುಕ್ಕಿನಲ್ಲಿ ಭಾವನವರ ಹೆಸರಿನ ಹಿಂದೆ ಒಂದೇ ಇನಿಷಿಯಲ್ ಇದ್ದು ಮರಣ ಪ್ರಮಾಣಪತ್ರದಲ್ಲಿ ಎರಡಿವೆಯೆಂದು ಕಡತ ವಾಪಸು ಬಂತು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಬೇಕಾಯಿತು. ತನಿಖೆ ಬೇಡದ ಮರಣ ಕ್ಲೇಮನ್ನು ವಿಮಾ ಕಂಪನಿ 15 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಹೇಳುತ್ತದೆ, ಆದರೆ ನಮ್ಮ ಕಾಗದಗಳು ಕಂಪನಿಯವರೆಗೆ ತಲುಪುವುದಕ್ಕೇ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳೂ ಮಗನ ಕಾಲೇಜು ಶುಲ್ಕವನ್ನು ಅಕ್ಕ ಸಾಲ ಮಾಡಿ ಕಟ್ಟಿದಳು.

ಖರ್ಚಿನಲ್ಲಿ ಮಾತ್ರ ಬ್ಯಾಂಕಿನದಕ್ಕೆ ಸಾಟಿಯಿಲ್ಲ: ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ರಕ್ಷಣೆ. ಆದರೆ 55 ವರ್ಷ ತುಂಬಿದರೆ ಅದು ಮುಗಿಯುತ್ತದೆ, ಬದುಕಿದ್ದವರಿಗೆ ಏನೂ ಮರಳುವುದಿಲ್ಲ.

ಕೊಬ್ಬರಿ ಮಾರಿದಾಗಲಷ್ಟೇ ಕೈಯಲ್ಲಿ ದುಡ್ಡಾಡುವ ನನಗೆ ಅಂಚೆಯ ಕಂತು ಭಾರವೇ. ಆದರೂ ಅದನ್ನು ಬಿಡುವುದಿಲ್ಲ, ಏಕೆಂದರೆ ಕಾಗದವನ್ನು ಕೈಯಲ್ಲಿ ಹಿಡಿದು ಓದುವ ಅಭ್ಯಾಸ ನನ್ನದು, ಹೆಂಡತಿಯ ಹೆಸರು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಬ್ಯಾಂಕಿನ ಯೋಜನೆಯನ್ನೂ ಉಳಿಸಿಕೊಂಡಿದ್ದೇನೆ. ಈ ಸಲ ಕಂತು ಕಡಿತವಾದ ವಾರದಲ್ಲೇ ಶಾಖೆಗೆ ಹೋಗಿ ನಾಮಿನಿಯ ಹೆಸರು ಬದಲಿಸಿ, ಮೊಹರು ಹಾಕಿಸಿದ ಪ್ರತಿಯನ್ನು ತಂದು ಅಂಚೆಯ ಬಾಂಡಿನ ಜೊತೆಗೇ ಟ್ರಂಕಿನಲ್ಲಿಟ್ಟು, ಅದು ಎಲ್ಲಿದೆಯೆಂದು ಹೆಂಡತಿಗೆ ತೋರಿಸಿದ್ದೇನೆ.