ಮುಖಕ್ಕೆ ಅಂಟಿಸುವ ಪ್ರಾಸ್ಥೆಟಿಕ್: ಸಿಲಿಕೋನ್, ಫೋಮ್ ಲೇಟೆಕ್ಸ್, ಜೆಲಾಟಿನ್‌ಗಳಲ್ಲಿ ಯಾವುದು?

ಪ್ರಾಸ್ಥೆಟಿಕ್ ಎಂದರೆ ನಟರ ರೂಪ ಬದಲಿಸಲು ಚರ್ಮದ ಮೇಲೆ ಅಂಟಿಸುವ ಕೃತಕ ಮೂಗು, ಗಾಯ, ಸುಕ್ಕುಗಳಂಥ ಮೇಕಪ್ ತುಣುಕು. ಕ್ಯಾಮೆರಾ ಎಷ್ಟು ಹತ್ತಿರ ಬರುತ್ತದೆ, ನಟ ಎಷ್ಟು ಹೊತ್ತು ಹಾಕಿಕೊಂಡಿರಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಿ.

ಕ್ಲೋಸಪ್‌ಗೆ ಪ್ಲಾಟಿನಂ ಸಿಲಿಕೋನ್, ಅಂದರೆ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನ್ ರಬ್ಬರ್. ಬೆಳಕು ಚರ್ಮದೊಳಗೆ ಇಳಿಯುವಂತೆ ಇದರೊಳಗೂ ಇಳಿಯುತ್ತದೆ. ಮೈಬಣ್ಣವನ್ನು ಎರಕದಲ್ಲೇ ಬೆರೆಸಬಹುದು. ಬೆರೆಸಿದಾಗ ಗಟ್ಟಿಯಾಗುವ ಎ, ಬಿ ಎಂಬ ಎರಡು ದ್ರವ ಭಾಗಗಳನ್ನು ಸಾಮಾನ್ಯವಾಗಿ ಸಮನಾಗಿ ತೂಗಿ, ಮೆತ್ತಗಾಗಿಸುವ ಡೆಡ್ನರ್ ಸೇರಿಸಿ, ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು ಅಚ್ಚಿಗೆ ತುಂಬುತ್ತಾರೆ. ಇದರ ಶತ್ರು ಗಂಧಕ. ಗಂಧಕವಿರುವ ಕ್ಲೇ ಅಥವಾ ಲೇಟೆಕ್ಸ್ ಗ್ಲೌಸ್ ತಗುಲಿದ ಕಡೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ನೈಟ್ರೈಲ್ ಗ್ಲೌಸ್ ಬಳಸಿ. ತೂಕ ಹೆಚ್ಚು, ಬೆವರು ಹೊರಗೆ ಹೋಗಲು ದಾರಿಯಿಲ್ಲದೆ ಅಂಚು ಬಿಟ್ಟುಕೊಳ್ಳುತ್ತದೆ.

ತಲೆ, ಕುತ್ತಿಗೆ ಪೂರ್ತಿ ಮುಚ್ಚಿ ದಿನವಿಡೀ ಹೊಡೆದಾಡುವ ಪಾತ್ರಕ್ಕೆ ನೊರೆ ಎಬ್ಬಿಸಿ ಬೇಯಿಸಿದ ರಬ್ಬರ್ ಹಾಲಾದ ಫೋಮ್ ಲೇಟೆಕ್ಸ್ ವಾಸಿ. ಹಗುರ, ಮುಖದ ಜೊತೆಗೇ ಮಡಚಿಕೊಳ್ಳುತ್ತದೆ. ಮಾಡುವುದು ಮಾತ್ರ ತಲೆನೋವಿನ ಕೆಲಸ: ಮಿಕ್ಸರ್‌ನಲ್ಲಿ ನೊರೆ ಎಬ್ಬಿಸಿ, ನೊರೆಯನ್ನು ಹೆಪ್ಪುಗಟ್ಟಿಸುವ ಜೆಲ್ಲಿಂಗ್ ಏಜೆಂಟ್ ಹಾಕಿದ ಕೆಲವೇ ನಿಮಿಷಗಳಲ್ಲಿ ಅಚ್ಚು ತುಂಬಿ, ಸುಮಾರು 85 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಕೋಣೆಯ ಬಿಸಿ, ತೇವ ಬದಲಾದರೆ ಸಮಯದ ಲೆಕ್ಕವೂ ತಪ್ಪುತ್ತದೆ. ಬೆಳಕು ಒಳಗಿಳಿಯದ ಕಾರಣ ಚರ್ಮದ ಆಳವನ್ನೆಲ್ಲ ಬಣ್ಣದ ಪದರಗಳಲ್ಲೇ ತೋರಿಸಬೇಕು. ನಟರಿಗೆ ಲೇಟೆಕ್ಸ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿ.

ಜೆಲಾಟಿನ್ ಅಗ್ಗ. ತೂಕದಲ್ಲಿ ಒಂದು ಪಾಲು ಜೆಲಾಟಿನ್‌ಗೆ ಗ್ಲಿಸರಿನ್, ಸಾರ್ಬಿಟಾಲ್ (ಸಕ್ಕರೆಯಂಥ ಪದಾರ್ಥದ ದ್ರಾವಣ) ಎರಡೆರಡು ಪಾಲು, ಕುದಿಸದೆ ಕರಗಿಸಿ. ಎಸಿ ಸ್ಟುಡಿಯೊದಲ್ಲಿ ಒಂದು ಗಾಯದ ಶಾಟ್‌ಗೆ ಧಾರಾಳ ಸಾಕು. ಏಪ್ರಿಲ್‌ನ ಬಳ್ಳಾರಿ ಬಿಸಿಲಿಗೆ ಮಾತ್ರ ಒಯ್ಯಬೇಡಿ, ಮೈಬಿಸಿಗೇ ಮೆತ್ತಗಾಗುವ ವಸ್ತು ಅದು.