ಸೈಟ್‌ಮ್ಯಾಪ್ ತಾನಾಗಿ ಆಗಬೇಕು: ಬಳಸಿ ನೋಡಿದ ದಾರಿಗಳ ಹೋಲಿಕೆ

ಚಿಕ್ಕಮಗಳೂರಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ಅಂದರೆ ಗಿರಾಕಿಗಳು ಹೆಚ್ಚಾಗಿ ಹೋಂಸ್ಟೇಯವರು, ಕಾಫಿಪುಡಿ ಅಂಗಡಿಯವರು, ಮೆಣಸು-ಏಲಕ್ಕಿ ಮಾರುವವರು. ಸೈಟ್ ಶುರುವಾದ ಮರುದಿನವೇ ಫೋನ್ ಬರುತ್ತದೆ: "ಸಾರ್, ಗೂಗಲ್‌ನಲ್ಲಿ ನಮ್ದು ಯಾವಾಗ ಬರುತ್ತೆ?" ಸೈಟ್‌ಮ್ಯಾಪ್ ಇದ್ದರೆ ಮೊದಲ ಪುಟದಲ್ಲಿ ಬಂದುಬಿಡುತ್ತದೆ ಅಂತ ಯಾರೋ ಅವರಿಗೆ ಹೇಳಿರುತ್ತಾರೆ. ಹಾಗೇನೂ ಇಲ್ಲ. ಸೈಟ್‌ಮ್ಯಾಪ್ ರ‍್ಯಾಂಕ್ ಏರಿಸುವುದಿಲ್ಲ. ಅದೊಂದು ಪಟ್ಟಿಯ ಫೈಲ್: ನಮ್ಮ ಸೈಟ್‌ನಲ್ಲಿ ಇಂತಿಂಥ ಪುಟಗಳಿವೆ, ಇವು ಇಂಥ ದಿನ ಬದಲಾಗಿವೆ ಅಂತ ಹುಡುಕುಯಂತ್ರಕ್ಕೆ ತಿಳಿಸುತ್ತದೆ, ಅಷ್ಟೇ. ಆದರೆ ಆ ಅಷ್ಟನ್ನು ಸರಿಯಾಗಿ ತಿಳಿಸುವುದೇ ದೊಡ್ಡ ಕೆಲಸ.

ಸೈಟ್‌ಮ್ಯಾಪ್ ತಾನಾಗಿ ಆಗುವ ದಾರಿಗಳನ್ನು ನಾನು ನೋಡಿದ್ದು ಮೂರು ಬಗೆಯ ಸೈಟ್‌ಗಳ ಮೇಲೆ. ಒಂದು, ಮಲ್ಲಂದೂರು ಕಡೆಯ ಹೋಂಸ್ಟೇಯದು. ಬರೀ ಎಚ್‌ಟಿಎಂಎಲ್, ಕೆಲವೇ ಪುಟಗಳು. ಎರಡು, ಪೇಟೆಯ ಕಾಫಿಪುಡಿ ಅಂಗಡಿಯದು. ವರ್ಡ್‌ಪ್ರೆಸ್ (ಸೈಟ್ ನಡೆಸುವ ತಂತ್ರಾಂಶ), ಅದರ ಮೇಲೆ ವೂಕಾಮರ್ಸ್ (ಅಂಗಡಿ ನಡೆಸಲು ಅದಕ್ಕೆ ಸೇರಿಸುವ ಭಾಗ). ಮೂರನೆಯದು ನನ್ನದೇ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಯಂಥ ಹೊಯ್ಸಳ ದೇವಸ್ಥಾನಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಸೈಟ್. ಮೊದಲು ವರ್ಡ್‌ಪ್ರೆಸ್‌ನಲ್ಲಿತ್ತು, ಈಗ ಹ್ಯೂಗೋದಲ್ಲಿದೆ, ಅಂದರೆ ಬರಹದ ಫೈಲ್‌ಗಳಿಂದ ಪುಟಗಳನ್ನು ಮೊದಲೇ ಕಟ್ಟಿಡುವ ಸಾಧನದಲ್ಲಿ.

ಮೊದಲು ಆನ್‌ಲೈನ್ ಜನರೇಟರ್‌ಗಳು, ಅಂದರೆ ಸೈಟ್‌ಮ್ಯಾಪ್ ಮಾಡಿಕೊಡುವ ಸೈಟ್‌ಗಳು. ವಿಳಾಸ ಹಾಕಿ, ಬಟನ್ ಒತ್ತಿ, ಫೈಲ್ ಇಳಿಸಿಕೊಂಡು ಸರ್ವರ್‌ಗೆ ಹಾಕಿ. ಎಕ್ಸ್‌ಎಂಎಲ್-ಸೈಟ್‌ಮ್ಯಾಪ್ಸ್ ಡಾಟ್ ಕಾಮ್‌ನಲ್ಲಿ 500 ಪುಟಗಳವರೆಗೆ ದುಡ್ಡಿಲ್ಲದೆ ಮಾಡಿಕೊಳ್ಳಬಹುದು. ಹೋಂಸ್ಟೇ ಸೈಟ್‌ಗೆ ಧಾರಾಳವಾಗಿ ಸಾಕು. ಆದರೆ ಇಂಥ ಸಾಧನ ಕೆಲಸ ಮಾಡುವ ರೀತಿ ನೋಡಿ. ಮುಖಪುಟದಿಂದ ಶುರು ಮಾಡಿ, ಕೊಂಡಿಯಿಂದ ಕೊಂಡಿಗೆ ಹೋಗುತ್ತಾ, ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳುತ್ತದೆ. ಗೂಗಲ್ ಮಾಡುವುದೂ ಅದನ್ನೇ ಅಲ್ವಾ? ಗೂಗಲ್ ತಾನೇ ಹುಡುಕಿಕೊಳ್ಳಬಲ್ಲ ಪುಟಗಳನ್ನೇ ಪಟ್ಟಿ ಮಾಡಿ ಗೂಗಲ್‌ಗೆ ಕೊಟ್ಟಂತಾಯಿತು. ಕೆಮ್ಮಣ್ಣುಗುಂಡಿ ಬಗ್ಗೆ ಒಂದು ಪುಟ ಮಾಡಿ, ಮೆನುವಿನಲ್ಲಾಗಲಿ ಬೇರೆ ಪುಟದಲ್ಲಾಗಲಿ ಕೊಂಡಿ ಕೊಡದೆ ಬಿಟ್ಟು ನೋಡಿದೆ. ಹೊರಗಿನಿಂದ ಬಂದ ಯಾವ ಜನರೇಟರ್‌ಗೂ ಆ ಪುಟ ಸಿಗಲಿಲ್ಲ. ಅಂಥ ಪುಟಕ್ಕೇ ಸೈಟ್‌ಮ್ಯಾಪ್ ಜಾಸ್ತಿ ಬೇಕಾಗಿರುವುದು.

ಇನ್ನೊಂದು ತೊಂದರೆ ದಿನಾಂಕದ್ದು. ಪುಟ ಕೊನೆಗೆ ಬದಲಾದ ದಿನವನ್ನು ಹೇಳುವುದು ಲಾಸ್ಟ್‌ಮಾಡ್. ಗೂಗಲ್ ಗಮನಿಸುವುದು ಇದನ್ನೇ. ಅದೂ ದಿನಾಂಕ ನಂಬುವಂತಿದ್ದರೆ ಮಾತ್ರ. ಜೊತೆಗಿರುವ ಚೇಂಜ್‌ಫ್ರೀಕ್ (ಪುಟ ಎಷ್ಟು ಸಲ ಬದಲಾಗುತ್ತದೆ) ಮತ್ತು ಪ್ರಯಾರಿಟಿಯನ್ನು (ಎಷ್ಟು ಮುಖ್ಯ) ತಾನು ನೋಡುವುದಿಲ್ಲ ಅಂತ ಗೂಗಲ್ಲೇ ಹೇಳಿದೆ. ಒಂದು ಜನರೇಟರ್ ಅಂತೂ ಎಲ್ಲ ಪುಟಕ್ಕೂ ತಾನು ಸೈಟ್ ಓದಿದ ದಿನವನ್ನೇ ಹಾಕಿತ್ತು. ಹಳೇ ದರಪಟ್ಟಿಗೂ ಇವತ್ತಿನ ದಿನಾಂಕ, ನಿನ್ನೆ ಬರೆದ ಪುಟಕ್ಕೂ ಇವತ್ತಿನ ದಿನಾಂಕ. ಇಂಥ ಸೈಟ್‌ಮ್ಯಾಪ್‌ಗಿಂತ ದಿನಾಂಕವೇ ಇಲ್ಲದ್ದು ವಾಸಿ.

ಕಾಫಿಪುಡಿ ಅಂಗಡಿಯ ಸೈಟ್‌ನಲ್ಲಿ ಜನರೇಟರ್ ಕೆಲಸ ಇನ್ನೂ ಕೆಟ್ಟಿತು. ವೂಕಾಮರ್ಸ್‌ನಲ್ಲಿ "ಕಡಿಮೆ ಬೆಲೆ ಮೊದಲು", "ಹೊಸದು ಮೊದಲು" ಅಂತ ಒತ್ತಿದಾಗಲೆಲ್ಲ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಾಲ ಸೇರುತ್ತದೆ. ಪುಟ ಅದೇ, ವಿಳಾಸ ಬೇರೆ. ಪೀಬೆರಿ ಪುಡಿ, ಚಿಕೋರಿ ಬೆರೆಸಿದ ಪುಡಿ, ಬೆರೆಸದ ಪುಡಿ, ಎಲ್ಲದಕ್ಕೂ "ಕಾರ್ಟ್‌ಗೆ ಹಾಕಿ" ಕೊಂಡಿ ಬೇರೆ. ಅವನ್ನೂ ಜನರೇಟರ್ ಹೊಸ ಪುಟ ಅಂದುಕೊಂಡು ಪಟ್ಟಿಗೆ ಸೇರಿಸಿತ್ತು. ಉಚಿತ ಮಿತಿ ಇಂಥದ್ದರಲ್ಲೇ ಮುಗಿದು, ನಿಜವಾದ ಕೆಲವು ಪುಟಗಳು ಹೊರಗೇ ಉಳಿದವು.

ಕಂಪ್ಯೂಟರ್‌ಗೆ ಹಾಕಿಕೊಂಡು ಓಡಿಸುವ ಸ್ಕ್ರೀಮಿಂಗ್ ಫ್ರಾಗ್ ಈ ವಿಷಯದಲ್ಲಿ ಎಷ್ಟೋ ಜಾಣ. ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡ ಅನ್ನುವ ಗುರುತು) ಹಾಕಿದ ಪುಟ, ಬೇರೆ ಪುಟವನ್ನು ಕ್ಯಾನಾನಿಕಲ್ (ಅದೇ ಮೂಲ ಪುಟ) ಅಂತ ತೋರಿಸುವ ಪುಟ, ತೆರೆಯದ ಪುಟ, ಇವನ್ನೆಲ್ಲ ತಾನೇ ಬಿಡುತ್ತದೆ. ಉಚಿತ ಆವೃತ್ತಿಯಲ್ಲಿ ಇದಕ್ಕೂ 500 ವಿಳಾಸಗಳ ಮಿತಿ. ನಾನು ಇದನ್ನು ಈಗಲೂ ಬಳಸುತ್ತೇನೆ, ಆದರೆ ಸೈಟ್‌ಮ್ಯಾಪ್ ಮಾಡಲು ಅಲ್ಲ. ಬೇರೆ ಕಡೆ ಆದ ಸೈಟ್‌ಮ್ಯಾಪ್ ಸರಿಯಿದೆಯಾ, ಪಟ್ಟಿಯಲ್ಲಿದ್ದೂ ಕೊಂಡಿಯಿಲ್ಲದ ಪುಟಗಳು ಯಾವುವು ಅಂತ ತಾಳೆ ನೋಡಲು. ಆ ಕೆಲಸಕ್ಕೆ ಇದು ಬಹಳ ಒಳ್ಳೆಯದು. ಆದರೆ ಓಡಿಸಲು ನಾನೇ ಕೂರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡನ್ನೂ ನೆಚ್ಚಿ ಕೂರುವ ಹಾಗಿಲ್ಲ.

ಇನ್ನು ವರ್ಡ್‌ಪ್ರೆಸ್. 2020ರ ಆಗಸ್ಟ್‌ನಲ್ಲಿ ಬಂದ 5.5 ಆವೃತ್ತಿಯಿಂದ ಸೈಟ್‌ಮ್ಯಾಪ್ ಅದರೊಳಗೇ ಇದೆ. ಏನೂ ಹಾಕಿಕೊಳ್ಳಬೇಕಿಲ್ಲ. ಕೊಂಡಿಯಿಲ್ಲದ ಆ ಕೆಮ್ಮಣ್ಣುಗುಂಡಿ ಥರದ ಪುಟವನ್ನೂ ಪ್ರಕಟಿಸಿದ ತಕ್ಷಣ ಸೇರಿಸಿಕೊಳ್ಳುತ್ತದೆ, ಯಾಕೆಂದರೆ ಅದು ಕೊಂಡಿ ಹಿಡಿದು ಹೋಗುವುದಿಲ್ಲ, ನೇರ ಡೇಟಾಬೇಸ್ ನೋಡುತ್ತದೆ. ಲಾಸ್ಟ್‌ಮಾಡ್ ಮೊದಲು ಇರಲಿಲ್ಲ. 2024ರ 6.5ರಲ್ಲಿ ಪೋಸ್ಟ್‌ಗಳಿಗೆ ಬಂತು. ಕೊರತೆ ಎರಡು. ಚಿತ್ರಗಳನ್ನು ಸೇರಿಸುವುದಿಲ್ಲ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲು ಸೆಟ್ಟಿಂಗ್ ಪುಟವೂ ಇಲ್ಲ, ಕೋಡ್ ಬರೆಯಬೇಕು. ಲೇಖಕರ ಪುಟಗಳೂ ಪಟ್ಟಿಗೆ ಬರುವುದರಿಂದ ಲಾಗಿನ್ ಹೆಸರು ಅದರ ವಿಳಾಸದಲ್ಲಿ ಎಲ್ಲರಿಗೂ ಕಾಣಬಹುದು. ಒಬ್ಬರೇ ನಡೆಸುವ ಅಂಗಡಿ ಸೈಟ್‌ಗೆ ಅದು ಬೇಕಾ?

ಅದಕ್ಕೇ ಅಂಗಡಿಗೆ ಯೋಸ್ಟ್ ಅನ್ನುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಭಾಗ) ಹಾಕಿದೆ. ಚಿತ್ರಗಳು ಬರುತ್ತವೆ, ದಿನಾಂಕ ಬರುತ್ತದೆ, ಪುಟಕ್ಕೆ ನೋಇಂಡೆಕ್ಸ್ ಕೊಟ್ಟರೆ ಸೈಟ್‌ಮ್ಯಾಪ್‌ನಿಂದ ತಾನಾಗಿ ಹೋಗುತ್ತದೆ. ಲೇಖಕರ ಪುಟವನ್ನು ಒಂದು ಗುಂಡಿ ಒತ್ತಿ ನಿಲ್ಲಿಸಬಹುದು. ರ‍್ಯಾಂಕ್ ಮ್ಯಾಥ್ ಅನ್ನುವ ಇನ್ನೊಂದು ಪ್ಲಗಿನ್ ಕೂಡ ಇದನ್ನೆಲ್ಲ ಮಾಡುತ್ತದೆ. ಸೆಟ್ಟಿಂಗ್ ಅದರಲ್ಲಿ ಇನ್ನೂ ಜಾಸ್ತಿ. ಒಂದು ಫೈಲ್‌ಗೆ ವರ್ಡ್‌ಪ್ರೆಸ್ 2,000 ವಿಳಾಸ ತುಂಬಿದರೆ ಯೋಸ್ಟ್ 1,000, ರ‍್ಯಾಂಕ್ ಮ್ಯಾಥ್ 200. ನಿಯಮದ ಪ್ರಕಾರ 50,000 ವಿಳಾಸ, 50 ಎಂಬಿವರೆಗೆ ಹೋಗಬಹುದು. ಹಾಗಾಗಿ ನಮ್ಮಂಥವರ ಸೈಟ್‌ಗೆ ಈ ಸಂಖ್ಯೆಗಳಿಂದ ವ್ಯತ್ಯಾಸವೇನೂ ಆಗುವುದಿಲ್ಲ. ಅಂಗಡಿಯವರೇ ಒಳಗೆ ಕೈಯಾಡಿಸುವುದರಿಂದ ನನಗೆ ಸೆಟ್ಟಿಂಗ್ ಕಡಿಮೆ ಇರುವುದೇ ಬೇಕಿತ್ತು, ಯೋಸ್ಟ್ ಉಳಿಸಿದೆ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ.

ಕನ್ನಡ ವಿಳಾಸದ ವಿಷಯ ಇಲ್ಲಿ ಹೇಳಲೇಬೇಕು. ಸೈಟ್‌ಮ್ಯಾಪ್ ಒಳಗೆ ಕನ್ನಡ ಅಕ್ಷರ ಹಾಗೇ ಕೂರುವುದಿಲ್ಲ, ಶೇಕಡಾ ಚಿಹ್ನೆಗಳ ಸಂಕೇತವಾಗುತ್ತದೆ. ಒಂದೊಂದು ಅಕ್ಷರಕ್ಕೂ, ಒತ್ತು, ಗುಣಿತದ ಚಿಹ್ನೆಗೂ ಒಂಬತ್ತು ಜಾಗ. "ಕಾಫಿ" ಅನ್ನುವ ಎರಡಕ್ಷರಕ್ಕೆ 36. ನೋಡಿದರೆ ಫೈಲ್ ಕೆಟ್ಟಿದೆ ಅನಿಸುತ್ತದೆ, ಕೆಟ್ಟಿರುವುದಿಲ್ಲ. ಆದರೆ ವರ್ಡ್‌ಪ್ರೆಸ್ ಈ ಸಂಕೇತವನ್ನು 200ಕ್ಕೆ ಕತ್ತರಿಸುತ್ತದೆ. "ಬೇಲೂರು ಚೆನ್ನಕೇಶವ ದೇವಸ್ಥಾನದ ಮದನಿಕೆಯರು" ಅಂತ ಶೀರ್ಷಿಕೆ ಕೊಟ್ಟರೆ ವಿಳಾಸ "ದೇವಸ್ಥಾ" ಅನ್ನುವಲ್ಲಿಗೇ ನಿಲ್ಲುತ್ತದೆ. ಮದನಿಕೆಯರೇ ಇಲ್ಲ! ಪ್ರಕಟಿಸುವ ಮೊದಲೇ ವಿಳಾಸವನ್ನು ನಾವೇ ಚಿಕ್ಕದು ಮಾಡಿ ಬರೆದುಬಿಡಬೇಕು.

ಹ್ಯೂಗೋ ನನಗೆ ತುಂಬಾ ಇಷ್ಟವಾದ ದಾರಿ. ಸೈಟ್ ಕಟ್ಟುವ ಹೊತ್ತಿಗೇ ಸೈಟ್‌ಮ್ಯಾಪ್ ಕೂಡ ಆಗಿರುತ್ತದೆ. ಡ್ರಾಫ್ಟ್ ಅಂತ ಗುರುತು ಹಾಕಿದ ಬರಹ ಅದರಲ್ಲಿ ಬರುವುದಿಲ್ಲ. ಗಿಟ್ (ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಸಾಧನ) ಮಾಹಿತಿ ಬಳಸು ಅಂತ ಒಂದು ಸಾಲು ಸೇರಿಸಿದರೆ, ಆಯಾ ಫೈಲ್ ಕೊನೆಗೆ ಬದಲಾದ ಕಮಿಟ್‌ನ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಯ) ದಿನವೇ ಲಾಸ್ಟ್‌ಮಾಡ್ ಆಗುತ್ತದೆ. ದೊಡ್ಡಗದ್ದವಳ್ಳಿ ಪುಟದಲ್ಲಿ ದಾರಿ ವಿವರ ತಿದ್ದಿದೆ, ಆ ಒಂದು ಪುಟದ ದಿನಾಂಕ ಮಾತ್ರ ಬದಲಾಯಿತು. ಎಲ್ಲ ಫೈಲ್‌ಗಳನ್ನೂ ಒಂದೇ ಸಲ ಸುಮ್ನೆ ನೀಟು ಮಾಡಿ ಕಮಿಟ್ ಮಾಡಿದರೆ ಮಾತ್ರ ಎಲ್ಲದರ ದಿನಾಂಕವೂ ಬದಲಾಗುತ್ತದೆ, ಅದೊಂದು ಎಚ್ಚರ ಇರಲಿ. ಆದರೆ ಇದನ್ನು ಅಂಗಡಿಯವರ ಕೈಗೆ ಕೊಡಲಾಗುವುದಿಲ್ಲ.

ಹೋಂಸ್ಟೇ ಸೈಟ್‌ಗೆ ಕೊನೆಗೆ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದೆ. ಫೋಲ್ಡರ್ ಓದಿ ಪಟ್ಟಿ ಬರೆಯುತ್ತದೆ. ನಿಜ ಹೇಳಬೇಕೆಂದರೆ ಅಷ್ಟು ಚಿಕ್ಕ ಸೈಟ್‌ಗೆ ಅದೂ ಬೇಕಿರಲಿಲ್ಲ. ಸುಮಾರು 500 ಪುಟದೊಳಗಿದ್ದು, ಎಲ್ಲಕ್ಕೂ ಕೊಂಡಿ ಇದ್ದರೆ ಸೈಟ್‌ಮ್ಯಾಪ್ ಇಲ್ಲದೆಯೂ ನಡೆಯುತ್ತದೆ ಅನ್ನುವುದು ಗೂಗಲ್‌ನದೇ ಮಾತು. ಇದಕ್ಕಾಗಿ ತಿಂಗಳ ಶುಲ್ಕ ಕೇಳುವವರಿಗೆ ಹೋಂಸ್ಟೇಯವರು ದುಡ್ಡು ಕೊಡಬೇಕಾಗಿಲ್ಲ.

ಯಾವ ದಾರಿ ಹಿಡಿದರೂ, ರೋಬಾಟ್ಸ್ ಫೈಲ್‌ನಲ್ಲಿ (ಹುಡುಕುಯಂತ್ರಕ್ಕೆ ಸೂಚನೆ ಬರೆದಿಡುವ ಫೈಲ್) ಸೈಟ್‌ಮ್ಯಾಪ್ ವಿಳಾಸದ ಸಾಲು ಸೇರಿಸಿ, ಸೈಟ್ ಮಾಲೀಕರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಒಮ್ಮೆ ಸಲ್ಲಿಸಿ. ಬದಲಾದಾಗಲೆಲ್ಲ ಗೂಗಲ್‌ಗೆ ಪಿಂಗ್ ಮಾಡುವ, ಅಂದರೆ ತಾನಾಗಿ ಸುದ್ದಿ ಮುಟ್ಟಿಸುವ, ಹಳೇ ಪದ್ಧತಿ 2023ಕ್ಕೆ ಮುಗಿಯಿತು. ಇನ್ನೂ "ಪಿಂಗ್ ಮಾಡುತ್ತೇವೆ" ಅಂತ ಬರೆದುಕೊಂಡಿರುವ ಪ್ಲಗಿನ್ ಕಂಡರೆ, ಅದು ಕೊನೆಗೆ ಅಪ್‌ಡೇಟ್ ಆಗಿದ್ದು ಯಾವಾಗ ಅಂತ ನೋಡಿಯೇ ಹಾಕಿಕೊಳ್ಳಿ.